ಅತ್ತೆಗೆ ಕೊಡುವ ಮೊದಲ ಹನಿ

ಹುಲ್ಲಿಗೇನು ಗೊತ್ತು ಪರ್ವ, ಉಪವಾಸ? ಕೊಯ್ದು ಹೊರೆ ಕಟ್ಟಿದ ಮೇಲೆ ಅದು ತನ್ನ ಪಾಡಿಗೆ ತಾನು ಬಿಸಿಯಾಗುತ್ತದೆ, ಬೆವರುತ್ತದೆ, ಕೊಳೆಯುತ್ತದೆ. ಜೈನರ ಹತ್ತು ದಿನದ ದಶಲಕ್ಷಣ ಪರ್ವಕ್ಕೆ ಮೊದಲೇ ಬಂದು ಎಣ್ಣೆಯಾಗಿ ಬಾಟಲಿ ಸೇರಬೇಕಾಗಿದ್ದ ಗವತಿ ಚಹಾದ ಹುಲ್ಲು, ಅದೇ ನಾವು ಚಹಾಕ್ಕೆ ಹಾಕುವ ನಿಂಬೆ ಪರಿಮಳದ ಹುಲ್ಲು, ಚಂದಗಡದಿಂದ ಯಡ್ರಾವಕ್ಕೆ ಬಂದು ಇಳಿದದ್ದು ಪರ್ವದ ಕೊನೆಯ ದಿನದ ಹಿಂದಿನ ಸಂಜೆ.

“ನಾ ಏನ ಮಾಡಲ್ರಿ ಅಕ್ಕಾರ?” ಎಂದ ಟೆಂಪೋದ ಲಗಮಣ್ಣ. “ಅಲ್ಲಿ ಮಳಿ ಅಂದ್ರ ಮಳಿ. ಹೊಲದಾಗ ಕಾಲ ಇಡಾಕ ಆಗಲಿಲ್ಲ. ಇವತ್ತ ಮುಂಜಾನೆ ಕೊಯ್ದು, ಗಡಹಿಂಗ್ಲಜದಾಗ ಹೊಳಿ ಇಳಿಯೋತನಕ ನಿಂತು ಬಂದೇನಿ. ಇಳಿಸ್ಲೋ, ಹೊಳ್ಳಿ ಒಯ್ಲೋ?”

ಹೊಳ್ಳಿ ಒಯ್ಯಿ ಅನ್ನಲು ರತ್ನಮಾಲಾಗೆ ಬಾಯಿ ಬರಲಿಲ್ಲ. ಹೊರೆಯೊಳಗೆ ಕೈ ತೂರಿಸಿ ನೋಡಿದಳು. ಆಗಲೇ ಬೆಚ್ಚಗಾಗಿತ್ತು. ಒಂದು ರಾತ್ರಿ ಹರವಿದರೆ ಬಾಡಿ ಹದಕ್ಕೆ ಬರುತ್ತದೆ, ಎರಡನೆಯ ರಾತ್ರಿ ದಾಟಿತೋ ಬೂಸಲು. ಅಂದರೆ ಭಟ್ಟಿ ಹಚ್ಚಬೇಕಾದದ್ದು ನಾಳೆಯೇ. ನಾಳೆ ಅನಂತ ಚತುರ್ದಶಿ! ಜೈನರ ಮನೆಯಲ್ಲಿ ಆ ದಿನ ಅಡುಗೆಯ ಒಲೆ ಹಚ್ಚುವುದಕ್ಕೇ ಹಿಂದೆ ಮುಂದೆ ನೋಡುತ್ತಾರೆ, ಇವಳು ಹಂಡೆಗಟ್ಟಲೆ ಹುಲ್ಲು ಬೇಯಿಸಲು ಹೊರಟಿದ್ದಳು.

ಹೊರಡದೆ ಏನು ಮಾಡಬೇಕಿತ್ತು ಹೇಳಿ. ನಾಳೆಯೇ ಕೊಲ್ಲಾಪುರದಿಂದ ರುತುಜಾ ಬರುತ್ತಿದ್ದಳು. ರುತುಜಾ ಮನೆಯಲ್ಲೇ ಸಾಬೂನು ಮಾಡಿ ಮಾರುವವಳು, ರತ್ನಮಾಲಾಳ ತವರೂರು ಗಡಹಿಂಗ್ಲಜದ ಕಡೆಯ ಲಿಂಗಾಯತರ ಹುಡುಗಿ. ಆ ಊರಿನ ಸಲುಗೆಯಿಂದ ಚಿಕ್ಕಮ್ಮನನ್ನು ಕರೆದಂತೆ ‘ಕಾಕು’ ಅನ್ನುತ್ತಿದ್ದಳು. ವಾರದ ಹಿಂದೆ ಫೋನಿನಲ್ಲಿ ಅದೇ ಸಲುಗೆಯಿಂದಲೇ ಹೇಳಿದ್ದಳು:

“ಕಾಕು, ಹೋದ ಸಲದ ಎಣ್ಣಿಗೆ ಸುಟ್ಟ ವಾಸನಿ ಇತ್ತರಿ. ನಿಮ್ಮ ಮೂಗಿಗೆ ಅದು ಹೆಂಗ ತಪ್ಪಿತು ಅಂತೇನಿ! ಈ ಸಲ ನಾನ ಬರ್ತೇನಿ. ಇಬ್ಬರೂ ಕೂಡಿ ಮೂಸಿ ನೋಡಿ ತುಂಬೋಣು.”

ರತ್ನಮಾಲಾ “ಹೂಂ ಬಾ” ಅಂದಳು. ಫೋನು ಇಟ್ಟ ಮೇಲೆ ಆ ‘ಹೂಂ’ ಯಾಕೆ ಅಂದೆನೋ ಎಂದು ತನ್ನನ್ನೇ ಬೈದುಕೊಂಡಳು.

ಯಾಕೆಂದರೆ ರತ್ನಮಾಲಾಗೆ ವಾಸನೆ ಬರುತ್ತಿರಲಿಲ್ಲ. ಕೊರೊನಾದ ಎರಡನೆಯ ಅಲೆಯಲ್ಲಿ ಹೋದ ಮೂಗು ಹೋಗಿಯೇ ಬಿಟ್ಟಿತ್ತು. ಊರಿನವರೆಲ್ಲರಿಗೂ ತಿಂಗಳೊಪ್ಪತ್ತಿನಲ್ಲಿ ವಾಪಸು ಬಂತು, ಇವಳಿಗೆ ಮಾತ್ರ ಇಲ್ಲ. ಮಲ್ಲಿಗೆ ಮೂಸಿದರೂ ಅಷ್ಟೇ, ಮೋರಿ ಮೂಸಿದರೂ ಅಷ್ಟೇ. ಹಾಳಾಗಿ ಹೋಗಲಿ ಅನ್ನಬಹುದಿತ್ತು, ಬೇರೆ ಯಾವ ಹೆಂಗಸಾಗಿದ್ದರೂ. ಆದರೆ ಇವಳ ಕೆಲಸವೇ ಪರಿಮಳದ್ದು! ಇಚಲಕರಂಜಿಯ ಬಚತ್ ಗಟದ, ಅಂದರೆ ಹೆಂಗಸರ ಉಳಿತಾಯ ಸಂಘದ, ತರಬೇತಿಯಲ್ಲಿ ಕಲಿತು, ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ತಾಮ್ರದ ಹಂಡೆ ಕೂಡಿಸಿ, ದವನ, ತುಳಸಿ, ಗವತಿ ಚಹಾ ಎಂದು ಒಂದೊಂದರ ಎಣ್ಣೆ ಇಳಿಸುತ್ತ ಕಟ್ಟಿಕೊಂಡ ಹೆಸರು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಇದು ನನ್ನದು ಎಂದು ಅವಳು ಬೆರಳು ತೋರಿಸಬಹುದಾದದ್ದು ಅದೊಂದೇ. ಮೂಗಿಲ್ಲದವಳ ಕೈಯ ಸುಗಂಧವನ್ನು ಯಾರು ಕೊಂಡಾರು? ಗಂಡ ಪಾರೀಸನಂತೂ ಕಾದೇ ಕುಳಿತಿದ್ದ. “ಆ ಶೆಡ್ಡ ಖಾಲಿ ಆದ್ರ ಎರಡ ಮಗ್ಗ ಕುಂದರ್ತಾವ ನೋಡ” ಎಂದು ಊಟಕ್ಕೆ ಕೂತಾಗಲೆಲ್ಲ ಒಂದು ಸಲ ಅನ್ನದಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಹಾಗಾಗಿ ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ.

ಹೇಳದೆ ನಡೆಸಿದಳು, ಭಲೇ ಹೆಂಗಸು! ಕಿವಿಯಿಂದ ನಡೆಸಿದಳು: ಹಂಡೆ ಹದವಾಗಿ ಕುದಿಯುವಾಗ ಒಂದು ಸದ್ದು, ತಳ ಹಿಡಿಯುವಾಗ ಇನ್ನೊಂದು. ಕಣ್ಣಿನಿಂದ ನಡೆಸಿದಳು: ಹಬೆ ತಣ್ಣೀರಿನ ಡ್ರಮ್ಮಿನೊಳಗಿನ ಕೊಳವೆಯಲ್ಲಿ ತಂಪಾಗಿ ಸೀಸೆಗೆ ತೊಟ್ಟಿಕ್ಕುವಾಗ ಮೇಲೆ ತೇಲುವ ಎಣ್ಣೆಯ ಹಳದಿ ಎಷ್ಟು ತಿಳಿ, ಎಷ್ಟು ಮಬ್ಬು ಎಂದು. ಆದರೂ ಕೊನೆಯ ಮಾತು ಮೂಗಿನದೇ. ಅದಕ್ಕೆ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಆ ಉಪಾಯದ ಹೆಸರು ಜಿನ್ನವ್ವ.

ಜಿನ್ನವ್ವ ಅಂದರೆ ಅತ್ತೆ. ಅತ್ತೆ ಸೊಸೆಗೆ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಆದರೆ ಕೊರೊನಾದ ನಂತರ ರತ್ನಮಾಲಾ ಪ್ರತಿ ಭಟ್ಟಿಯ ಮೊದಲ ಹನಿಯನ್ನು ಅರಳೆಗೆ ಹಚ್ಚಿ ಅತ್ತೆಯ ಮುಂದೆ ಹಿಡಿಯತೊಡಗಿದಳು. “ಮೊದಲ ನೀವ ನೋಡ್ರಿ ಅತ್ತಿ. ದೊಡ್ಡಾವರು.” ಮುದುಕಿ ಮುಖ ಅರಳಿಸಿ, ಕಣ್ಣು ಮುಚ್ಚಿ, ನಿಧಾನವಾಗಿ ಮೂಸಿ, “ಛಲೋ ಐತಿ” ಅಂತಲೋ “ಯಾಕೋ ಹಸಿ ಹಸಿ ಹೊಡೀತೈತಿ” ಅಂತಲೋ ಹೇಳುತ್ತಿದ್ದಳು. ಮರ್ಯಾದೆ ಕೊಡುತ್ತಿದ್ದಾಳೆ ಸೊಸೆ ಎಂದುಕೊಂಡಿದ್ದಾಳೆ ಪಾಪ, ಎಂದು ರತ್ನಮಾಲಾ ಒಳಗೊಳಗೇ ನಾಚುತ್ತಿದ್ದಳು. ನಾಚುತ್ತಲೇ ಮುಂದಿನ ಸಲವೂ ಅರಳೆ ಹಿಡಿಯುತ್ತಿದ್ದಳು.

ಹಾಗಂತ ಮುದುಕಿ ಬದಲಾದಳೆಂದು ತಿಳಿಯಬೇಡಿ. ಅದೇ ಕಾಲಕ್ಕೆ ಅವಳ ಕಾಟ ಇನ್ನೂ ಹೆಚ್ಚಿತ್ತು. ಹೊತ್ತು ಮುಳುಗುವ ಮೊದಲು ಊಟ ಮುಗಿಸಿದ ಮೇಲೆ ಅಡುಗೆಮನೆಗೆ ಬಂದು ಸಿಲಿಂಡರಿನ ಗುಬ್ಬಿ ತಿರುವಿ ಬಂದ್ ಆಗಿದೆಯೇ ಎಂದು ಮುಟ್ಟಿ ನೋಡುವಳು. ಸೊಸೆ ಕಾಯಿಸಿಟ್ಟ ಹಾಲನ್ನು ಹೇಳದೆ ಕೇಳದೆ ಚೆಲ್ಲುವಳು. ನಿನ್ನೆಯ ಬೇಳೆಯ ಪಾತ್ರೆಗೆ ಮುಖ ಇಟ್ಟು ಮೂಸುವಳು. ಭಟ್ಟಿ ಹಚ್ಚಿದರೆ ಜಪಮಣಿ ಹಿಡಿದು ಶೆಡ್ಡಿನ ಬಾಗಿಲಲ್ಲೇ ಕೂಡುವಳು. ‘ನನ್ನ ಮ್ಯಾಲ ಎಳ್ಳಷ್ಟೂ ನಂಬಿಕಿ ಇಲ್ಲ ಈ ಮುದುಕಿಗೆ’ ಎಂದು ರತ್ನಮಾಲಾ ಹಲ್ಲು ಕಡಿಯುತ್ತಿದ್ದಳು.

ಆದರೂ ಹೋದ ಸಲ ಎಣ್ಣೆಗೆ ಸುಟ್ಟ ವಾಸನೆ ಹಿಡಿದದ್ದು ಅದೇ ಮುದುಕಿ ಊರಲ್ಲಿಲ್ಲದ ದಿನ. ಹಾತಕಣಂಗಲೆಯ ಮಗಳ ಮನೆಗೆ ಹೋಗಿದ್ದಳು.

ನಾಳೆ ಇರುತ್ತಾಳೆ. ಇದ್ದೂ ಇಲ್ಲದ ಹಾಗೆ. ಚತುರ್ದಶಿಯ ದಿನ ಜಿನ್ನವ್ವನದು ನೀರೂ ಇಲ್ಲದ ಉಪವಾಸ, ಮರುದಿನ ಸೂರ್ಯ ಹುಟ್ಟುವತನಕ ಮೌನವ್ರತ, ಬಾಯಿಗೆ ಬೀಗ. ಅಷ್ಟೇ ಅಲ್ಲ, ಹೂವಿಲ್ಲ, ಗಂಧವಿಲ್ಲ, ಊದಿನಕಡ್ಡಿಯಿಲ್ಲ, ಆ ದಿನ ಮೂಗಿಗೂ ಉಪವಾಸ. ಅರಳೆ ಹಿಡಿದರೆ ಮುಖ ತಿರುಗಿಸುತ್ತಾಳೆ. ರುತುಜಾ ಎದುರು ಕೂತು “ಮೂಸ್ರಿ ಕಾಕು” ಅಂದಾಗ ರತ್ನಮಾಲಾಗೆ ಯಾರೂ ಇರುವುದಿಲ್ಲ.

ಮರುದಿನ ಬೆಳಿಗ್ಗೆ ಮಳೆ ಹಿಡಿಯಿತು. ಪಾರೀಸ ಅಭಿಷೇಕಕ್ಕೆಂದು ಬಸ್ತಿಗೆ ಹೋದ. ಜಿನ್ನವ್ವ ನಡುಮನೆಯಲ್ಲಿ ಚಾಪೆ ಹಾಸಿ, ಹಿತ್ತಲ ಬಾಗಿಲಿಗೆ ಮುಖ ಮಾಡಿ, ಜಪಕ್ಕೆ ಕೂತಳು. ಸೊಸೆ ಹುಲ್ಲಿನ ಹೊರೆ ಎತ್ತಿಕೊಂಡು ಹೋಗುವುದನ್ನು ನೋಡಿದಳು. ನೋಡಿದಳು ಅಷ್ಟೇ. ಬೈಯಲಿಕ್ಕೂ ಬಾಯಿಲ್ಲವಲ್ಲ! ಆ ನೋಟವೇ ಬೈಗುಳಕ್ಕಿಂತ ಖಾರವಾಗಿ ರತ್ನಮಾಲಾಳ ಬೆನ್ನಿಗೆ ತಾಗಿತು.

ಅಪರಾಧಿ ಮನಸ್ಸು ಕೈಯನ್ನು ಅತಿ ಜಾಗರೂಕ ಮಾಡುತ್ತದೆ. ಹುಳು ಹುಪ್ಪಟೆ ಬೆಂದಾವೆಂದು ಹುಲ್ಲಿನ ಒಂದೊಂದು ಹಿಡಿಯನ್ನೂ ಮೂರು ಮೂರು ಸಲ ಕೊಡವಿದಳು. ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿದಳು. ಹಂಡೆ ತುಂಬಿ, ಮುಚ್ಚಳದ ಸುತ್ತ ಕಣಕ ಮೆತ್ತಿ, ಗ್ಯಾಸಿನ ಒಲೆ ಹಚ್ಚಿದಳು. ಆಮೇಲೆ ಡ್ರಮ್ಮಿನಿಂದ ಬಿಸಿನೀರು ಹೊರಗೆ ಬಿಡುವ ಪೈಪು ನೆನಪಾಯಿತು. ದಿನಾಲೂ ಅದನ್ನು ಹಿತ್ತಲಿಗೆ ಬಿಡುತ್ತಿದ್ದಳು. ಈ ದಿನ ಹೇಗೆ ಬಿಡುವುದು? ಮಳೆಗೆ ಎದ್ದ ಎರೆಹುಳು, ಇರುವೆ, ಎಷ್ಟು ಜೀವ! ಚತುರ್ದಶಿಯ ದಿನ ಸುಡುನೀರು ಸುರಿದ ಪಾಪ ಬೇರೆ ಬೇಡ ಎಂದು ಪೈಪನ್ನು ಒಳಗೆಳೆದು, ಒಲೆಯ ಮಗ್ಗುಲಿನ ಕಟ್ಟೆಯ ಮೇಲಿದ್ದ ಕೊಡಕ್ಕೆ ಇಳಿಬಿಟ್ಟಳು. ತುಂಬಿದಾಗ ತೆಗೆದು ಆರಲು ಇಟ್ಟರಾಯಿತು, ನಾನು ಇಲ್ಲೇ ಇರುತ್ತೇನಲ್ಲ. ಇರಚಲು ಹೊಡೆಯುತ್ತಿತ್ತೆಂದು ಕಿಟಕಿಯನ್ನೂ ಮುಚ್ಚಿದಳು.

ಎಣ್ಣೆ ತೊಟ್ಟಿಕ್ಕತೊಡಗಿತು. ಅಭ್ಯಾಸಬಲ, ಮೊದಲ ಹನಿಯನ್ನು ಅರಳೆಗೆ ಹಿಡಿದು ಒಂದು ಡಬ್ಬಿಯಲ್ಲಿ ಇಟ್ಟಳು. ಆಗಲೇ ಮುಂಬಾಗಿಲಲ್ಲಿ ಕೂಗು: “ಕಾಕೂ, ಇದ್ದೀರೇನ್ರಿ?”

ರುತುಜಾ ಹೇಳಿದ್ದಕ್ಕಿಂತ ಬೇಗ ಬಂದಿದ್ದಳು. ರತ್ನಮಾಲಾ ಶೆಡ್ಡಿನ ಬಾಗಿಲೆಳೆದುಕೊಂಡು ಓಡಿದಳು. ಕೊಡ ಅರ್ಧ ತುಂಬಿತ್ತು.

ಪಡಸಾಲೆಯಲ್ಲಿ ಕೂತ ರುತುಜಾ ಕುಶಲ ಕೇಳಿ ಮುಗಿಸಿ ಚೀಲದಿಂದ ಎರಡು ಕಪ್ಪು ಸೀಸೆ ತೆಗೆದಿಟ್ಟಳು. ಚೀಟಿಯಿಲ್ಲ, ಗುರುತಿಲ್ಲ, ಒಳಗಿನ ಬಣ್ಣ ಕಾಣುವ ಹಾಗಿಲ್ಲ.

“ಇದರಾಗ ಒಂದ ಹೋದ ಸಲದ್ದು, ಒಂದ ಅದಕ್ಕಿಂತ ಮೊದಲಿಂದು. ನಾ ಹೇಳೂದಿಲ್ಲ. ನೀವ ಮೂಸಿ ನೋಡ್ರಿ, ನಿಮಗ ತಿಳೀತೈತಿ ಏನಾಗೇತಿ ಅಂತ.”

ರತ್ನಮಾಲಾ ಸೆರಗಿಗೆ ಕೈ ಒರೆಸಿಕೊಂಡಳು. ಮೊದಲನೆಯ ಸೀಸೆ ಎತ್ತಿ ಮೂಸಿದಳು. ನೀರು ಮೂಸಿದ ಹಾಗೆ. ಎರಡನೆಯದು, ಅದೂ ನೀರೇ. ಒಂದೊಂದು ಹನಿ ಮುಂಗೈಗೆ ತಿಕ್ಕಿದಳು. ಎರಡೂ ಒಂದೇ ಥರ ಚುರುಗುಟ್ಟಿದವು. ಬೇರೆ ದಾರಿ ಕಾಣದೆ ಎದುರಿನವಳ ಮುಖವನ್ನೇ ಓದತೊಡಗಿದಳು: ಯಾವ ಸೀಸೆ ಎತ್ತಿದಾಗ ಹುಬ್ಬು ಕೂಡುತ್ತದೆ? ಎಡಗೈಯದನ್ನು ಮೇಲೆತ್ತಿದಳು. ರುತುಜಾಳ ಕಣ್ಣು ಸಣ್ಣಗಾದವೇ? ಅಷ್ಟರಲ್ಲಿ ಅವಳ ಫೋನು ರಿಂಗಾಗಿ ಮುಖ ಆ ಕಡೆ ತಿರುಗಿತು. ಹಾಳಾದ ಫೋನು! ಅದನ್ನು ಬಂದ್ ಮಾಡಿ ರುತುಜಾ ಮತ್ತೆ ಇವಳನ್ನೇ ನೋಡುತ್ತ ಕೂತಳು.

“ಹೇಳ್ರಿ ಕಾಕು, ಯಾವುದು?”

“ಭಟ್ಟಿ…” ರತ್ನಮಾಲಾ ಸೀಸೆಗಳನ್ನು ಕೆಳಗಿಟ್ಟಳು. “ಭಟ್ಟಿ ಹಂಗ ಬಿಟ್ಟು ಬಂದೇನಿ ನೋಡವ್ವಾ. ತಳ ಹಿಡಿದೀತು. ಒಂದ ಮಿನಿಟ.”

ಎದ್ದು ನಡುಮನೆ ದಾಟಿ ಹೊರಟಳು. ಜಪಕ್ಕೆ ಕೂತ ಅತ್ತೆ ಕತ್ತೆತ್ತಿ ನೋಡಿದಳು. ಆ ಮುಖದಲ್ಲಿ ಏನೋ ಇತ್ತು, ಕೈಯನ್ನೂ ಅರ್ಧ ಎತ್ತಿದ್ದಳು. ಭಟ್ಟಿ ಹಚ್ಚಿದ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡು ರತ್ನಮಾಲಾ ನಿಲ್ಲಲಿಲ್ಲ. ಮಳೆಯಲ್ಲೇ ಹಿತ್ತಲು ದಾಟಿ ಶೆಡ್ಡಿನೊಳಗೆ ಹೋಗಿ ಬಾಗಿಲು ಹಿಂದೆ ತಳ್ಳಿದಳು.

ತೊಟ್ಟಿಕ್ಕುವುದು ನಿಂತಿತ್ತು. ಕೊಡ ತುಂಬಿ ಕಟ್ಟೆಯ ಮೇಲಿಂದ ಹರಿದು ಒಲೆಯ ಮೇಲೆ ಸುರಿಯುತ್ತಿತ್ತು. ಉರಿ ಆರಿಹೋಗಿತ್ತು.

“ಅಯ್ಯ ನನ್ನ ಹಣೆಬಾರವೇ!” ಎಂದು ಪೈಪನ್ನು ಕಿತ್ತೆಸೆದಳು. ತಲೆಯ ತುಂಬ ಆ ಎರಡು ಕಪ್ಪು ಸೀಸೆಗಳೇ ಕುಣಿಯುತ್ತಿದ್ದವು. ಹೋಗಿ ಏನು ಹೇಳಲಿ? ಎಡಗೈಯದು ಅನ್ನಲೇ? ತಪ್ಪಾದರೆ? ಉರಿ ಈಗ ತಾನೇ ಆರಿರಬೇಕು, ಬೇಗ ಹಚ್ಚಿದರೆ ಈ ಭಟ್ಟಿಯಾದರೂ ಉಳಿದೀತು. ಸೆರಗಿನಿಂದ ಒಲೆ ಒರೆಸಿದಳು. ಗುಬ್ಬಿ ತೆರೆದೇ ಇದ್ದದ್ದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬೇರೆ ದಿನವಾಗಿದ್ದರೆ ಆ ಸುಯ್ಯೆನ್ನುವ ಸದ್ದು ಅವಳ ಕಿವಿಗೆ ತಪ್ಪುತ್ತಿರಲಿಲ್ಲ. ಆದರೆ ಮೇಲೆ ತಗಡಿನ ಮೇಲೆ ಮಳೆ, ಮಗ್ಗುಲ ಮನೆಯಲ್ಲಿ ಮಗ್ಗಗಳ ಖಟಖಟ. ಅವಳು ಇಷ್ಟು ವರ್ಷ ನಂಬಿದ್ದ ಕಿವಿಯೇ ಅವಳಿಗೆ ಕೈಕೊಟ್ಟಿತ್ತು.

ಕಡ್ಡಿಪೆಟ್ಟಿಗೆ ತೆಗೆದಳು. ಮೊದಲನೆಯ ಕಡ್ಡಿ ಥಂಡಿ ಹಿಡಿದಿತ್ತು, ಕೊರೆದರೆ ಮದ್ದು ಪುಡಿಯಾಗಿ ಉದುರಿತು. ಅದನ್ನೆಸೆದು ಪೆಟ್ಟಿಗೆಯ ತಳದಿಂದ ಒಣಗಿದ್ದೊಂದನ್ನು ಆರಿಸಿಕೊಂಡಳು. ಪೆಟ್ಟಿಗೆಯ ಮಗ್ಗುಲಿಗೆ ಆನಿಸಿದಳು.

“ಕಡ್ಡಿ ಕೊರೀಬ್ಯಾಡ!”

ಬಾಗಿಲು ಧಡ್ಡೆಂದು ತೆರೆದಿತ್ತು. ಜಿನ್ನವ್ವ ಚೌಕಟ್ಟು ಹಿಡಿದು ನಿಂತಿದ್ದಳು, ಬಿಳಿ ಸೀರೆ ಮಳೆಗೆ ತೊಯ್ದು ಮೈಗಂಟಿತ್ತು.

“ಗ್ಯಾಸ ಸೋರೇತಿ, ಮನಿ ತುಂಬ ವಾಸನಿ! ಕೊರೀಬ್ಯಾಡ ರತ್ನಾ, ಸುಟ್ಟ ಹೋಗ್ತೀ! ನಿನ್ನ ಮೂಗಿಗೆ ಅದು ತಿಳಿಯಂಗಿಲ್ಲ, ನನ್ನ ಮಾತ ಕೇಳ!”

ರತ್ನಮಾಲಾಳ ಕೈ ಅಲ್ಲೇ ನಿಂತಿತು. ಕಡ್ಡಿ ಜಾರಿ ನೀರಿಗೆ ಬಿತ್ತು. ಸೊಸೆಯನ್ನು ಪಕ್ಕಕ್ಕೆ ತಳ್ಳಿ ಮುದುಕಿಯೇ ಬಗ್ಗಿ ಗುಬ್ಬಿ ತಿರುವಿದಳು. “ಲೈಟಿನ ಬಟನ ಮುಟ್ಟಬ್ಯಾಡ. ಕಿಡಕಿ ತೆಗಿ. ಹಿಡಿ ಈ ಕಡೆ” ಎಂದು ಸಿಲಿಂಡರಿಗೆ ಕೈ ಹಚ್ಚಿದಳು. ಅತ್ತೆ ಸೊಸೆ ಕೂಡಿ ಅದನ್ನು ಎಳೆದು ಮಳೆಯಲ್ಲಿ ಹಾಕಿದರು. ಆಮೇಲೆ ಜಿನ್ನವ್ವ ಹಿತ್ತಲ ಕಟ್ಟೆಯ ಮೇಲೆ ಕುಸಿದು ಕೂತಳು. ಹಿಂದಿನ ದಿನ ಹೊತ್ತು ಮುಳುಗಿದಾಗಿನಿಂದ ಒಂದು ಹನಿ ನೀರು ಕಾಣದ ಗಂಟಲು ಅಷ್ಟು ದೊಡ್ಡ ಕೂಗು ಎಲ್ಲಿಂದ ತಂದಿತೋ!

ಕೂಗಿಗೆ ಓಡಿಬಂದ ರುತುಜಾ ಓಢಣಿಯಿಂದ ಮೂಗು ಮುಚ್ಚಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. “ಅಯ್ಯಯ್ಯ, ಎಷ್ಟ ವಾಸನಿ ಐತ್ರಿ ಇದು!” ಎಂದವಳು, ರತ್ನಮಾಲಾ ಮೂಗು ಮುಚ್ಚಿಕೊಳ್ಳದೆ ನಿಂತದ್ದನ್ನು ನೋಡಿ ಹತ್ತಿರ ಬಂದಳು. ಆಮೇಲೆ ಮೆಲ್ಲಗೆ ಕೇಳಿದಳು: “ಕಾಕು, ಅಜ್ಜಿ ಅಂದದ್ದು ಖರೇನ? ನಿಮಗ ವಾಸನಿ ಬರಂಗಿಲ್ಲೇನು?”

ಇನ್ನೇನು ಮುಚ್ಚುವುದು? “ಇಲ್ಲ” ಅಂದಳು ರತ್ನಮಾಲಾ. “ಕೊರೊನಾ ಬಂದು ಹೋದಾಗಿಂದ ಇಲ್ಲ.”

“ನನಗ ಹೇಳಬೇಕಾಗಿತ್ತಲ್ರಿ!”

“ಹೇಳಿದ್ರ ನನ್ನ ಕೈಯಾಗಿನ ಎಣ್ಣಿ ಒಯ್ತಿದ್ದೇನು ನೀ?”

ರುತುಜಾ ಮಳೆಯಲ್ಲಿ ಬಿದ್ದಿದ್ದ ಸಿಲಿಂಡರಿನ ಕಡೆ ಕಣ್ಣು ತಿರುಗಿಸಿದಳು. ಒಯ್ಯುತ್ತಿದ್ದೆ ಎಂದು ಸುಳ್ಳು ಹೇಳಲಿಲ್ಲವಲ್ಲ, ಅಷ್ಟರಮಟ್ಟಿಗೆ ಒಳ್ಳೆಯ ಹುಡುಗಿ. ಕಟ್ಟೆಯ ಮೇಲೆ ಕೂತಿದ್ದ ಜಿನ್ನವ್ವನೇ ಬಾಯಿ ಬಿಟ್ಟಳು.

“ಹೆಂಗೂ ವ್ರತ ಮುರೀತು, ಹೇಳೇ ಬಿಡ್ತೀನಿ ತಗೊ. ಮೊದಲ ಹನಿ ನಾನ ಮೂಸತೀನವ್ವಾ. ಅಕಿ ನನಗ ತೋರಿಸಲಾರದ ಒಂದ ಸೀಸೇನೂ ತುಂಬಂಗಿಲ್ಲ. ಹೋದ ಸಲ ನಾ ಹಾತಕಣಂಗಲೆಗೆ ಹೋಗಿದ್ದೆ, ಸುಟ್ಟದ್ದು ಅಕೀಗೆ ತಿಳೀಲಿಲ್ಲ. ತಪ್ಪ ಅಂದ್ರ ನಂದು, ಮಗಳ ಮನ್ಯಾಗ ಹೆಚ್ಚ ದಿವಸ ಕುಂತೆ.”

ರತ್ನಮಾಲಾ ಬೆಪ್ಪಾಗಿ ಅತ್ತೆಯ ಮುಖ ನೋಡಿದಳು. ರುತುಜಾ ಒಳಗೆ ಹೋಗಿ ಆ ಎರಡು ಕಪ್ಪು ಸೀಸೆ ತಂದು ಮುದುಕಿಯ ಮುಂದೆ ಹಿಡಿದಳು. ಜಿನ್ನವ್ವ ಕೈ ಅಡ್ಡ ಮಾಡಿದಳು.

“ಇವತ್ತ ಒಲ್ಲೆ. ಬಾಯಿ ವ್ರತ ಹೋತು. ಮೂಗಿಂದರ ಉಳೀಲಿ.”

ರುತುಜಾ ನಕ್ಕಳು, ಅವಳಿಗೆ ಗೊತ್ತಾಗದೆಯೇ ನಗು ಬಂದಿತ್ತು. ಶೆಡ್ಡಿನ ಗಾಳಿ ಹಗುರಾದ ಮೇಲೆ ತಾನೇ ಹೋಗಿ ಸೀಸೆಗೆ ಇಳಿದಷ್ಟು ಎಣ್ಣೆಯನ್ನು ಮೂಸಿ ನೋಡಿದಳು. “ಇದು ಛಲೋ ಐತಿ” ಅಂದಳು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, “ಉಳಿದ ಹುಲ್ಲ ತೆಳ್ಳಗ ಹರವಿ, ಬೂಸಲ ಹಿಡೀಲಾರದ್ದಷ್ಟ ನಾಳಿ ಇಳಸ್ರಿ. ಅಜ್ಜಿ ಹೂಂ ಅಂದ ಮ್ಯಾಲ ನನಗ ಫೋನ ಮಾಡ್ರಿ. ಆದ್ರ ಕಾಕು, ಇನ್ನೊಮ್ಮೆ ನನ್ನ ಮುಂದ ಮುಚ್ಚಬ್ಯಾಡ್ರಿ” ಎಂದಳು. ಆ ಕೊನೆಯ ಮಾತಿನಲ್ಲಿ ನೋವಿತ್ತು. ರತ್ನಮಾಲಾ ತಲೆ ತಗ್ಗಿಸಿದಳು.

ಮಳೆ ನಿಂತ ಮೇಲೆ ಅತ್ತೆಗೆ ಒಣಸೀರೆ ಉಡಿಸಿ, ಚಾಪೆಯ ಮೇಲೆ ಕೂರಿಸಿ, ಅವಳ ಕಾಲ ಬಳಿ ರತ್ನಮಾಲಾ ಕೂತಳು.

“ನಿಮಗ ಯಾವಾಗ ತಿಳೀತು ಅತ್ತಿ?”

“ಆ ವರ್ಷಾನ. ಬ್ಯಾನಿಯಿಂದ ಎದ್ದ ಮ್ಯಾಲ ನೀ ನನಗ ಹಳಸಿದ ಬ್ಯಾಳಿ ಆಮಟಿ ಬಡಿಸಿದಿ. ನಾ ನಿನ್ನ ಮುಖ ನೋಡಿದೆ, ನೀ ಅದನ್ನ ಸುಮ್ಮನ ಉಣ್ಣಾಕತ್ತಿದ್ದಿ. ನಾನೂ ಉಂಡೆ.”

ಸಿಲಿಂಡರಿನ ಗುಬ್ಬಿ, ಚೆಲ್ಲಿದ ಹಾಲು, ಮೂಸಿದ ಬೇಳೆ, ಶೆಡ್ಡಿನ ಬಾಗಿಲಲ್ಲಿ ಜಪಮಣಿ. ಹಲ್ಲು ಕಡಿದ ಒಂದೊಂದು ದಿನವೂ ರತ್ನಮಾಲಾಗೆ ನೆನಪಾಯಿತು. ಈ ಮುದುಕಿ ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವಳನ್ನು ಕಾದಿದ್ದಳು, ಅವಳು ಅದನ್ನು ಕಾಟ ಎಂದು ಕರೆದಿದ್ದಳು.

“ಹೇಳಬೇಕಾಗಿತ್ತಲ್ರಿ ಅತ್ತಿ” ಅಂದಳು ಕೊನೆಗೆ. ಸ್ವಲ್ಪ ಹೊತ್ತಿನ ಮುಂಚೆ ರುತುಜಾ ತನಗೆ ಅಂದ ಮಾತೇ ತನ್ನ ಬಾಯಲ್ಲಿ ಬಂದದ್ದು ಅವಳಿಗೆ ತಿಳಿಯಲೂ ಇಲ್ಲ.

ಜಿನ್ನವ್ವ ಜಪಮಣಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಹೇಳಿದ್ರ ನೀ ಅರಳಿ ತರೂದು ಬಿಡತಿದ್ದಿ. ಈ ಮನಿಗೆ ಬಂದಾಗಿಂದ ನನ್ನ ಮುಂದ ಕುಂತು ಹೆಂಗೈತಿ ಹೇಳ್ರಿ ಅತ್ತಿ ಅಂತ ಒಂದ ಮಾತ ಕೇಳಿದಾಕಿ ಅಲ್ಲ ನೀ. ಮೂಗ ಹೋದ ಮ್ಯಾಲ ಕೇಳಾಕ ಹತ್ತಿದಿ. ಗರಜಿಗೆ ಕೇಳತಿ ಅಂತ ಗೊತ್ತಿತ್ತ ನನಗ. ಆದರೂ ಭಾಳ ಛಲೋ ಅನಸ್ತಿತ್ತು.”

ರತ್ನಮಾಲಾ ಅತ್ತೆಯ ಮೊಣಕಾಲಿಗೆ ಹಣೆ ಹಚ್ಚಿ ಅತ್ತುಬಿಟ್ಟಳು. ಅತ್ತು ಮುಗಿದ ಮೇಲೆ ಎದ್ದು ಹೋಗಿ ಬೆಳಿಗ್ಗೆ ಡಬ್ಬಿಯಲ್ಲಿ ತೆಗೆದಿಟ್ಟಿದ್ದ ಅರಳೆ ತಂದಳು. ತಂದಮೇಲೆ ಇವತ್ತು ಯಾವ ದಿನವೆಂದು ನೆನಪಾಗಿ ಕೈ ಹಿಂದೆ ತೆಗೆದಳು.

“ಇಡು” ಅಂದಳು ಜಿನ್ನವ್ವ. “ನಾಳಿ ಬಸ್ತಿಯಾಗ ಮುನಿ ಮಹಾರಾಜರ ಮುಂದ ಹೇಳಿ ಪ್ರಾಯಶ್ಚಿತ್ತ ತಗೋತೇನಿ. ಇನ್ನೊಂದ ಉಪವಾಸ ಕೊಟ್ರೂ ಕೊಟ್ಟಾರು. ಪಾರಣಿ ಆದ ದಿವಸ ತಾ. ಮೊದಲ ಹನೀನ ತರಬೇಕ ಮತ್ತ, ಎರಡನೇದ ತಂದು ಮೊದಲಿಂದು ಅನಬ್ಯಾಡ. ನನಗ ಮೂಗ ಐತಿ.”

ಅಷ್ಟು ಹೇಳಿ, ಮುರಿದ ಮೌನದ ಉಳಿದ ಭಾಗವನ್ನು ಅಲ್ಲಿಂದಲೇ ಮತ್ತೆ ಹಿಡಿದುಕೊಂಡು, ಜಿನ್ನವ್ವ ಕಣ್ಣು ಮುಚ್ಚಿದಳು. ರತ್ನಮಾಲಾ ಡಬ್ಬಿಯ ಮುಚ್ಚಳ ಬಿಗಿ ಮಾಡಿ ಅವಳ ಮಗ್ಗುಲಲ್ಲೇ ಕೂತಳು.